ಫಿನ್‌ಲ್ಯಾಂಡಿನ ಕೆರಿ ದಂಡಿಗಿ ನಾ ತೆಗೆದ ಬೆಂಡ್

ನಮ್ಮ ಔರಾದ ತಾಲೂಕಿನ್ಯಾಗ ಮುರುಮಿನ, ಅಂದ್ರ ಸಣ್ಣ ಕಲ್ಲುಮಣ್ಣಿನ ರಸ್ತಾ ಡಾಂಬರ್ ಆಗ್ಲಿ ಅಂತ ವರ್ಷಗಟ್ಲೆ ಅರ್ಜಿ ಕೊಡ್ತೇವ್ರಿ. ಫಿನ್‌ಲ್ಯಾಂಡ್ ದೇಶದಾಗ ಛಲೋ ಡಾಂಬರ್ ರಸ್ತಾ ಬಿಟ್ಟು, ಮುರುಮಿನ ರಸ್ತಾ ಎಲ್ಲಿ ಅದ ಅಂತ ನಕ್ಷಿ ಹಿಡ್ಕೊಂಡು ಹುಡುಕ್ತಾರ. ಸಿಕ್ಕರ ಹಬ್ಬ ಬಂದಂಗ ಖುಷಿ ಪಡ್ತಾರ. ಅದರ ಮ್ಯಾಲ ಹೊಡಿಲಿಕ್ಕಂತೇ ಬ್ಯಾರೆ ನಮೂನಿ ಸೈಕಲ್ ಮಾಡ್ಯಾರ. ಹ್ಯಾಂಡಲ್ ಟಗರಿನ ಕೊಂಬಿನಂಗ ಬಾಗಿರ್ತದ, ಟಾಯರ್ ದಪ್ಪ, ಸೈಕಲ್ ಮಾತ್ರ ಒಂದು ಕೈಲೆ ಎತ್ತೂವಷ್ಟು ಹಗುರ. ಹೋದ ವರ್ಷ ನಮ್ಮ ಕಡಿ ಬ್ಯಾಸಗಿ ಮುಗಿದು ಅಲ್ಲಿ ಬ್ಯಾಸಗಿ ಇದ್ದಾಗ ನಾಕು ದಿನ ನಾನೂ ಅಂಥ ಸೈಕಲ್ ಮ್ಯಾಲ ಕುಂತು ಅಲ್ಲಿನ ಕೆರಿ ದಂಡಿ ಹಿಡ್ಕೊಂಡು ತಿರುಗಿ ಬಂದೀನಿ. ಬರೀರಿ ಬರೀರಿ ಅಂತ ಎಲ್ಲಾರೂ ಗಂಟು ಬಿದ್ದಾರ. ನಾ ಹತ್ತನೇತ್ತ ಪಾಸಾಗಿದ್ದೇ ಮೂವತ್ತೆಂಟನೇ ವಯಸ್ಸಿಗಿ. ಮೊಬೈಲ್‌ದಾಗ ಒಂದೇ ಬೆರಳಿಲೆ ಬರೀಲತ್ತೀನಿ. ತಪ್ಪಿದ್ರ ಹೊಟ್ಟಿಗಿ ಹಾಕ್ಕೋರಿ.

ನನ್ನ ಹೆಸರು ಕಾಶಿನಾಥ. ಹುಟ್ಟೂರು ಸಂತಪುರ. ಬೀದರದಾಗ ಚಿದ್ರಿ ಬಲ್ಲಿ ಸೈಕಲ್ ದುರಸ್ತಿ ಅಂಗಡಿ ಅದ. ಕೆಲಸ ಕಲ್ತಿದ್ದು ಔರಾದದಾಗ, ಖಾಸಿಂ ಚಾಚಾ ಅಂತ ಉಸ್ತಾದ್ರ ಕೈಯಾಗ. ಸೊಟ್ಟಾದ ಗಾಲಿ ಬೆಂಡ್ ತೆಗೆದು ಸೀದಾ ಮಾಡೂದಂದ್ರ ಅವರೇ. ಸ್ಪೋಕ್ ಬೆರಳಿಲೆ ಮೀಟಿ, ಕಿವಿಗೊಟ್ಟು, ಯಾವುದು ಸಡಲ ಅದ ಯಾವುದು ಬಿಗಿ ಅದ ಹೇಳ್ತಿದ್ರು.

ಮೂರು ವರ್ಷದ ಹಿಂದ ಈವಾ ಅಂತ ಒಬ್ರು ನಿವೃತ್ತ ಸಾಲಿ ಟೀಚರ್, ಫಿನ್‌ಲ್ಯಾಂಡ್‌ದವರು, ಒಬ್ರೇ ಸೈಕಲ್ ಮ್ಯಾಲ ಕನ್ಯಾಕುಮಾರಿಗಿ ಹೊಂಟಿದ್ರು. ಭಾಲ್ಕಿ ಹತ್ರ, ಕಾರಂಜಾ ಡ್ಯಾಮಿನ ನೀರು ನೋಡ್ಕೋತ ಬರೋವಾಗ ತೆಗ್ಗಿನ್ಯಾಗ ಬಿದ್ದು ಹಿಂದಿನ ಗಾಲಿ ರಿಂಗ್ ಸೀಳ್ತು. ಟಂಟಂ ಆಟೋ ಮಾಡ್ಕೊಂಡು ಬೀದರಕ್ಕ ಬಂದು ನನ್ನ ಅಂಗಡಿ ಮುಂದ ಇಳಿದ್ರು. ನಮ್ಮ ಕಡಿ ರಿಂಗ್ ಹಾಕಿ, ಮೂವತ್ತಾರು ಸ್ಪೋಕ್ ಹೆಣದು ಕೊಟ್ಟೆ. ಅಷ್ಟೊತ್ತನಕ ನನ್ನ ಹೇಣ್ತಿ ಮಹಾದೇವಿ ಅವರಿಗಿ ರೊಟ್ಟಿ ಪುಂಡಿಪಲ್ಯ ಉಣಿಸಿದ್ಲು. ಕನ್ಯಾಕುಮಾರಿ ಮುಟ್ಟಿದ ಮ್ಯಾಲ ಈವಾ ಬಾಯಿ ಫೋಟೋ ಕಳಿಸಿದ್ರು. ಅವರ ಫೋಟೋ ಅಲ್ರಿ, ಗಾಲಿ ಫೋಟೋ. ಅದರ ಹಿಂದ ಸಮುದ್ರ. ಆಮ್ಯಾಲ ಕರದ್ರು: "ಕಾಶಿ, ನಮ್ಮ ದೇಶದ ಮುರುಮೂ ಒಮ್ಮಿ ನೋಡು ಬಾ."

ನಮ್ಮ ಮನಿತನದಾಗ ಇಮಾನ ಹತ್ತಿದ ಮೊದಲನೇ ಮನಷಾ ನಾನೇ. ಹೈದ್ರಾಬಾದ್ ಇಮಾನ ನಿಲ್ದಾಣದಾಗ ತಪಾಸಣಿ ಮಾಡಾಂವ ನನ್ನ ಅಂಗಿ ಬಕ್ಕಣದಾಗಿಂದ ಸ್ಪೋಕ್ ಚಾವಿ ತೆಗದು, "ಯೇ ಕ್ಯಾ ಹೈ?" ಅಂದ.

"ಗಾಲಿ ಬೆಂಡ್ ತೆಗಿಯೋ ಚಾವಿ ಸಾಬ್."

ಅಂವ ತಿರುಗಿಸಿ ಮುರುಗಿಸಿ ನೋಡಿ, "ಇಮಾನದ್ ಗಾಲಿ ಸೀದಾನೇ ಅವ ಚಾಚಾ, ನೀವು ಕೈ ಹಚ್ಚಬ್ಯಾಡ್ರಿ" ಅಂತ ನಕ್ಕು ವಾಪಸ್ ಕೊಟ್ಟ.

ಈವಾ ಬಾಯಿ ಮನಿ

ಅವರ ಮನಿ ಕೆರಿ ದಂಡಿಗೇ ಅದ. ಕಟಗಿ ಮನಿ, ಕೆಂಪು ಬಣ್ಣ, ನಮ್ಮ ಬೀದರದ ಕೆಂಪುಗಲ್ಲಿನ ಬಣ್ಣ ಹಚ್ಚಿದಂಗ. ಅಲ್ಲಿ ಕೆರಿ ಅಂದ್ರ ಒಂದು ಎರಡು ಅಲ್ಲ. ಒಂದು ದಿಬ್ಬ ಹತ್ತಿ ಇಳಿದ್ರ ಕೆರಿ, ಮತ್ತೊಂದು ದಿಬ್ಬ ಹತ್ತಿ ಇಳಿದ್ರ ಮತ್ತೊಂದು ಕೆರಿ. ಒಂದು ಕೊಡ ನೀರಿಗಿ ನಲ್ಲಿ ಮುಂದ ಪಾಳಿ ಹಚ್ಚಿ ಬೆಳದಾಂವ ನಾನು.

ತಿರುಗಾಟಕ್ಕ ನಾವು ನಾಕೇ ಮಂದಿ. ಈವಾ ಬಾಯಿ, ಅವರ ತಮ್ಮ ಯುಕ್ಕಾ, ಪಕ್ಕದ ಮನಿ ಲೀನಾ, ಮತ್ತ ನಾನು. ಲೀನಾ ಬಸ್ ಡ್ರೈವರ್, ದೊಡ್ಡ ದನಿ, ಭಾಳ ನಗ್ತಾಳ. ಯುಕ್ಕಾ ನನಗಿಂತ ಐದಾರು ವರ್ಷ ದೊಡ್ಡಾಂವ, ಅದಕ್ಕ ನಾನು ಯುಕ್ಕಣ್ಣ ಅಂತಿದ್ದೆ. ಆರಡಿ ಮ್ಯಾಲ ಎತ್ತರ. ಮಾತು ಮಾತ್ರ ಎಣ್ಣಿ ಡಬ್ಬಿಯಿಂದ ಹನಿ ಬಿದ್ದಂಗ. ದಾರಿ ಎಲ್ಲಾ ಅವನಿಗೇ ಗೊತ್ತು, ಹಂಗಾಗಿ ಮುಂದ ಹೊಡಿಯಾಂವ ಅವನೇ.

ಈವಾ ಬಾಯಿ ನನ್ನ ಎಲ್ಲಾರಿಗೂ ಒಂದೇ ಮಾತಿನ್ಯಾಗ ಗುರುತು ಹೇಳ್ತಿದ್ರು: "ನನ್ನನ್ನ ಕನ್ಯಾಕುಮಾರಿ ಮುಟ್ಟಿಸಿದ ಗಾಲಿ ಕಟ್ಟಿದ ಉಸ್ತಾದ್." ಲೀನಾ ಕೈ ಹಿಡದು ಜೋರ್ ಅಲ್ಲಾಡಿಸಿದ್ಲು. ಯುಕ್ಕಣ್ಣ ನನ್ನ ಚಪ್ಪಲಿ ನೋಡಿ, ಹೊಟ್ಟಿ ನೋಡಿ, "ಮುರುಮಿನ ಮ್ಯಾಲ ಹೊಡದೀಯೇನು?" ಅಂದ.

"ಹುಟ್ಟಿದಾಗಿಂದ್ರೀ" ಅಂದೆ.

"ಹ್ಮ್" ಅಂದ. ನಂಬಿದಂಗ ಕಾಣ್ಲಿಲ್ಲ.

ಅವತ್ತು ಸಂಜಿಗಿ ನನ್ನ ಸೌನಾಕ್ಕ ಕರಕೊಂಡು ಹೋದ. ಸೌನಾ ಅಂದ್ರ ಒಂದು ಗರಂ ಕೋಲಿ. ಕಾದ ಕಲ್ಲಿನ ಮ್ಯಾಲ ನೀರು ಹೊಯ್ದು ಉಗಿಯಾಗ ಕುಂದ್ರೂದು. ಮೈಮ್ಯಾಲ ನೂಲಿನ ಎಳಿ ಇರಬಾರದಂತ ಅವರ ಪದ್ಧತಿ. ಯುಕ್ಕಣ್ಣ ಹುಟ್ಟಿದ ದಿನ ಇದ್ದಂಗೇ ಕುಂತ. ನಾನು ಟವೆಲ್ ಎರಡು ಗಂಟು ಹಾಕಿ ಕುಂತೆ. ಬಿಸಿ ತಡಿಲಾರದಕ್ಕ ಅಂವ ಓಡಿ ಹೋಗಿ ಕೆರ್ಯಾಗ ಜಿಗದ. ನಾನೇನ್ ಕಮ್ಮಿ ಅಂತ ನಾನೂ ಜಿಗದೆ. ಸಂತಪುರದ ಬಾವ್ಯಾಗ ಕಲ್ತ ಈಜು ಕೈ ಕೊಡ್ಲಿಲ್ಲ, ಟವೆಲ್ ಕೊಡ್ತು. ತೇಲ್ಕೋತ ದೂರ ಹೋತು. ಅದರ ಹಿಂದ ನಾನು. ಥಂಡಿಗಿ ಹಲ್ಲು ಕಟಕಟ ಅಂತಾವ, ದಂಡಿಗಿ ಹೆಣ್ಮಕ್ಕಳು ಕಾಫಿ ಕುಡಕೋತ ಕುಂತಾರ. ಹುಲ್ಲಿನ ಮರೀಗಿ ಅರ್ಧ ತಾಸು ಕುಂತಿರಬೇಕು ನಾನು. ಆ ಅರ್ಧ ತಾಸಿನ್ಯಾಗ ಯುಕ್ಕಣ್ಣ ಅಂಗಿ ಹಾಕ್ಕೊಂಡು ಹೋಗಿ, ಮನಿ ಹಿಂದಿನ ಶೆಡ್ಡಿನ್ಯಾಗ ನಾಕೂ ಸೈಕಲ್ ತಯಾರ್ ಮಾಡಿದ್ದ. ನಾನು ನೋಡ್ಲೇ ಇಲ್ಲ. ಮುಂದಿನದೆಲ್ಲಾ ಆಗಿದ್ದು ಅದಕ್ಕೇ.

ಬೆಳಗಿನ ಹವಾ

ಅಲ್ಲಿ ಬ್ಯಾಸಗಿದಾಗ ಸೂರ್ಯಗ ನಿದ್ದಿ ಇಲ್ಲ. ಕಣ್ಣು ಬಿಟ್ಟಾಗ ಬಿಸಿಲು ಬಿದ್ದಿತ್ತು, ಹೊತ್ತಾಯ್ತು ಅಂತ ಗಡಬಡಿಸಿ ಎದ್ದೆ. ನೋಡಿದ್ರ ಇನ್ನೂ ನಾಕೂವರಿ. ಎಲ್ಲಾರೂ ಮಲಗ್ಯಾರ.

ನಮ್ಮ ಅಂಗಡ್ಯಾಗ ಒಂದು ರಿವಾಜ್ ಅದ್ರಿ. ಯಾರರ ದೂರದ ಊರಿಗಿ ಸೈಕಲ್ ಮ್ಯಾಲ ಹೊಂಟರ, ಅವರು ಏಳೂದ್ರಾಗ ಮಿಸ್ತ್ರಿ ಹವಾ ಹೊಡದು ಇಟ್ಟಿರಬೇಕು. ಅವರು ಕೇಳೂತನಕ ಕಾಯಬಾರದು, ಮಾಡೀನಂತ ಹೇಳ್ಲೂ ಬಾರದು. ಖಾಸಿಂ ಚಾಚಾ ಹಂಗೇ ಮಾಡ್ತಿದ್ರು, ನಾನೂ ಹಂಗೇ ಮಾಡ್ತೀನಿ. ಶೆಡ್ಡಿಗಿ ಹೋಗಿ ಮೊದಲನೇ ಸೈಕಲ್ ಗಾಲಿ ಹೆಬ್ಬೆರಳಿಲೆ ಒತ್ತಿ ನೋಡ್ದೆ. ಮೆತ್ತಗ, ಬದನಿಕಾಯಿ ಒತ್ತಿದಂಗ! ಎರಡನೇದು ಹಂಗೇ. ನಾಕೂ ಹಂಗೇ. ಪಾಪ, ಇಷ್ಟು ಛಲೋ ಸೈಕಲ್ ಇಟ್ಟಾರ, ಹವಾ ಹೊಡಕೊಳ್ಳೂ ತಿಳುವಳಿಕಿ ಇಲ್ಲ ಅನಿಸ್ತು. ಖರೇ ಹೇಳ್ತೀನಿ, ಜರಾ ಹೆಮ್ಮಿನೂ ಆಯ್ತು.

ಪಂಪ್ ಅಲ್ಲೇ ಇತ್ತು. ಅದರ ಬುಡಕ್ಕ ಹವಾ ಎಷ್ಟದ ಅಂತ ತೋರಿಸೂ, ಗಡಿಯಾರದಂಥ ಮುಳ್ಳಿನ ಬಿಲ್ಲಿ ಇತ್ತು. ಅದರ ಕಡಿ ನೋಡ್ಲಿಲ್ಲ. ನಮ್ಮ ಉಸ್ತಾದ್ರು ಮುಳ್ಳು ನೋಡೂದು ಕಲಿಸಿಲ್ಲ, ಹೆಬ್ಬೆರಳು ಕಲಿಸ್ಯಾರ. "ಪತ್ಥರ್ ಸರೀಖಾ ಹೋನಾ ರೇ" ಅಂತಿದ್ರು. ಕಲ್ಲಿನಂಗ ಆಗಬೇಕು. ನಮ್ಮ ಕಡಿ ಜಾಲಿ ಮುಳ್ಳು, ಹಿಂದ ಎರಡು ಹಾಲಿನ ಕ್ಯಾನು, ಮುಂದ ಒಂದು ಕೂಸು. ಹವಾ ಕಮ್ಮಿ ಇದ್ರ ಟ್ಯೂಬ್ ಹರೀತದ, ರಿಂಗ್ ಬಡೀತದ. ಎಂಟೂ ಗಾಲಿ ಕಲ್ಲು ಮಾಡಿ, ಕೈ ತೊಳಕೊಂಡು, ಸಮಾಧಾನಲೆ ಕುಂತು ಕೆರಿ ನೋಡ್ದೆ.

ಊರಿಗಿ ಫೋನ್ ಹಚ್ಚಿ ಮಹಾದೇವಿಗಿ ಹೇಳ್ದೆ. ಅಕಿ ಅಂದ್ಲು: "ಅಷ್ಟು ದೂರ ಹವಾ ಹೊಡಿಲಿಕ್ಕಿ ಹೋಗೀರೇನ್ರೀ? ಅದನ್ನ ಚಿದ್ರ್ಯಾಗೇ ಹೊಡೀಬಹುದಿತ್ತಲ್ಲ!"

ಇಳಿಜಾರು

ಮೊದಲು ಒಂದು ತಾಸು ಡಾಂಬರ್ ರಸ್ತಾ. ಸೈಕಲ್ ಬಾಣದಂಗ ಹೊಂಟವು. "ಇವತ್ತ ನನ್ನ ಕಾಲಾಗ ಏನೋ ಬಂದದ!" ಅಂತ ಲೀನಾ ಚೀರಿದ್ಲು. ನಾನು ಒಳಗೊಳಗೇ ನಕ್ಕೆ.

ಆಮ್ಯಾಲ ಅಡವಿ ದಾರಿ. ನುಣ್ಣನ ಕಲ್ಲು, ನುಚ್ಚಿನಂಥ ಮುರುಮ, ಎರಡೂ ಕಡಿ ಬಿಳಿ ತೊಗಟಿ ಗಿಡ, ಗಿಡದ ಸಂದಿಲಿಂದ ಕೆರಿ ಮಿಂಚೂದು. ದಾರಿ ಕೂಡೂ ಜಾಗಾದಾಗ ಹತ್ತು ಹದಿನೈದು ಟಪಾಲ್ ಡಬ್ಬಿ ಸಾಲಾಗಿ ನಿಂತಿರ್ತಾವ, ಮನಿ ಒಂದೂ ಕಾಣೂದಿಲ್ಲ. ದಾರಿ ಬಾಜೂಕ ನೀಲಿ ಹಣ್ಣಿನ ಗಿಡ. ಯಾರ ಹೊಲ, ಯಾರಿಗಿ ಕೇಳಬೇಕು ಅಂತ ನಾ ಹಿಂಜರಿದ್ರ, "ಅಡವಿ ಹಣ್ಣು ಎಲ್ಲಾರದೂ" ಅಂದ್ರು ಈವಾ ಬಾಯಿ. ನಮ್ಮ ಕಡಿ ಬಾರಿಹಣ್ಣಿಗಿ ಕಲ್ಲು ಒಗದು ಬೈಸ್ಕೊಂಡ ಮಂದಿ ನಾವು. ಬಾಯಿ ನೀಲಿ ಆಗೂತನಕ ತಿಂದೆ.

ಸೈಕಲ್ ಮಾತ್ರ ಕುಣೀಲತ್ತಿದ್ವು. ನನಗ ಅದು ಹೊಸದಲ್ಲ. ಸಂತಪುರಲಿಂದ ಔರಾದಕ್ಕ ಹಾಲು ಹಾಕಲಿಕ್ಕಿ ಹೋಗೋವಾಗ ಹಿಂಗೇ ಕುಣೀತಿತ್ತು. ಹ್ಯಾಂಡಲ್ ಬಿಗಿ ಹಿಡೀಬಾರದು, ಮೊಳಕೈ ಸಡಲ ಬಿಡಬೇಕು, ಸೈಕಲ್ಲಿಗಿ ಎಲ್ಲಿಗಿ ಹೋಗಬೇಕಂತದೋ ಜರಾ ಹೋಗಗೊಡಬೇಕು. ಆದ್ರ ಮುಂದಿನ ಮೂವರು ತಡವರಿಸ್ಲತ್ತಿದ್ರು. ಲೀನಾ ಒಮ್ಮಿ ಹುಲ್ಲಿನ್ಯಾಗ ಹೋಗಿ ನಿಂತ್ಲು. ಯಾಕಂತ ಯಾರಿಗೂ ತಿಳೀಲಿಲ್ಲ.

ಕೆರಿ ಕಡಿಗಿ ಒಂದು ದೊಡ್ಡ ಇಳಿಜಾರು, ಅದರ ಬುಡಕ್ಕ ತಿರುವು. ಯುಕ್ಕಣ್ಣ ದಿನಾ ಹೋಗೂ ವೇಗದಾಗೇ ಹೋದ. ತಿರುವಿನ್ಯಾಗ ಅವನ ಹಿಂದಿನ ಗಾಲಿ ಮುರುಮಿನ ಮ್ಯಾಲ ಗೋಲಿ ಹಾರಿದಂಗ ಹಾರಿ, ಅಡ್ಡ ಹೋಗಿ ಒಂದು ಬಂಡೆಗಲ್ಲಿಗಿ ಬಡೀತು. ಆರಡಿ ಮನಷಾ ಧಪ್ಪನ ಬಿದ್ದ.

ನಾನು ಓಡಿ ಹೋದೆ. ದೇವರು ದೊಡ್ಡಾಂವ, ಎಲಬು ಮುರಿದಿರ್ಲಿಲ್ಲ. ಮೊಳಕೈ ತರಚಿತ್ತು. ಗಾಲಿ ಮಾತ್ರ ಹಪ್ಪಳ ಕರದಂಗ ಮುರುಟಿತ್ತು. ಎಡಗಡಿ ಎರಡು ಸ್ಪೋಕ್ ಕುತ್ತಿಗಿಗೇ ಕಟ್ ಆಗಿದ್ವು. ನೆಲಕ್ಕ ಬಿದ್ದ ಸೈಕಲ್ ಎತ್ತಲಿಕ್ಕಿ ಟಾಯರಿಗಿ ಕೈ ಹಚ್ಚಿದೆ. ಕಲ್ಲು. ಆಗ ನನಗ ತಿಳೀತು. ಇವರು ಹವಾ ಹೊಡಿಯೂದು ಮರತಿದ್ದಿಲ್ಲ. ಈ ನುಚ್ಚಿನ ಮ್ಯಾಲ ಗಾಲಿ ಹಾರಬಾರದಂತ ಬೇಕಂತೇ ಕಮ್ಮಿ ಇಟ್ಟಿದ್ರು.

ಯುಕ್ಕಣ್ಣ ಎದ್ದು ಕುಂತು, "ನನ್ನದೇ ತಪ್ಪು. ಜೋರ್ ಬಂದೆ" ಅಂದ. ಈವಾ ಬಾಯಿ, "ವಯಸ್ಸಾತು ನಿನಗ" ಅಂದ್ರು. ಅಂವ ತಲಿ ತಗ್ಗಿಸಿದ. ನಾನು ಮುಖ ತಪ್ಪಿಸಿ ಕಟ್ ಆದ ಸ್ಪೋಕ್ ಎಣಿಸ್ಕೋತ ಕುಂತೆ.

ಮುದುಕಪ್ಪನ ಶೆಡ್

ಗಾಲಿ ದುರಸ್ತಿ ಆಗಲಿಲ್ಲಂದ್ರ ತಿರುಗಾಟ ಅಲ್ಲಿಗೇ ಮುಗೀತಿತ್ತು. ದಾರಿ ಗೊತ್ತಿದ್ದಾಂವ ಅವನೊಬ್ಬನೇ. ಮೊಬೈಲ್‌ದಾಗ ಗಾಡಿ ಕರೀಲೇನು ಅಂತ ಲೀನಾ ಕೇಳಿದ್ಲು. ನಾನು "ಒಂದು ತಾಸು ಕೊಡ್ರಿ" ಅಂದೆ.

ನಮ್ಮ ಔರಾದ ರೋಡಿನ ಮ್ಯಾಲ ಸೈಕಲ್ ಬಿದ್ರ ಎರಡು ಮಿನಿಟಿನ್ಯಾಗ ನಲವತ್ತು ಮಂದಿ ಕೂಡ್ತಾರ. ಹತ್ತು ಮಂದಿ ನೀರು ತರ್ತಾರ, ಮೂವತ್ತು ಮಂದಿ ಬುದ್ಧಿ ಹೇಳ್ತಾರ. ಅಲ್ಲಿ ಒಂದು ಹಕ್ಕಿನೂ ಕೂಗ್ಲಿಲ್ಲ. ಕಡೀಕ ದಿಬ್ಬದ ಮ್ಯಾಗಿನ ಹೊಲದಿಂದ ಒಬ್ಬ ಮುದುಕಪ್ಪ ಇಳಿದು ಬಂದ. ಗಾಲಿ ನೋಡಿದ, ನನ್ನ ಕೈಯಾಗಿನ ಸ್ಪೋಕ್ ಚಾವಿ ನೋಡಿದ, ಹಿಂದ ಬಾ ಅಂತ ತಲಿ ಅಲ್ಲಾಡಿಸಿದ. ಅಷ್ಟೇ.

ಅವನ ಶೆಡ್ಡಿನ್ಯಾಗ ಗೂಟಕ್ಕ ಒಂದು ಹಳೀ ಸೈಕಲ್ ಗಾಲಿ ನೇತು ಹಾಕಿತ್ತು. ಇಕ್ಕಳ ಇತ್ತು. ನನಗ ಮತ್ತೇನು ಬೇಕು? ಹಳೀ ಗಾಲಿಯಿಂದ ಎರಡು ಸ್ಪೋಕ್ ಬಿಚ್ಚಿಕೊಂಡೆ. ಅವು ಉದ್ದ ಆದ್ವು. ಉದ್ದ ಆದ ಸ್ಪೋಕಿಗಿ ಖಾಸಿಂ ಚಾಚಾನ ಇಲಾಜ್ ಅದ. ತಲಿ ಕಟ್ ಮಾಡಿ, ತುದಿ ಎರಡು ಸಲ ಬಗ್ಗಿಸಿ ಕೊಕ್ಕಿ ಮಾಡಿ, ಗಾಲಿ ನಡುವಿನ ಬಟ್ಟಲದ, ಅಂದ್ರ ಹಬ್‌ನ, ತೂತಿನ್ಯಾಗ ಸಿಗಿಸೂದು. ದೈವಕ್ಕ ತಿರುಪು ಹೊಂದ್ತು. ಆಮ್ಯಾಲ ಎರಡು ಕಟಗಿ ಮ್ಯಾಲ ಗಾಲಿ ಅಡ್ಡ ಇಟ್ಟು ಮೊಳಕಾಲಿಲೆ ಒತ್ತಿದೆ. ಯುಕ್ಕಣ್ಣ ಆ ಸಪ್ಪಳಕ್ಕ ಕಣ್ಣು ಮುಚ್ಚಿಕೊಂಡ.

ಸೈಕಲ್ ತಲಿಕೆಳಗ ಮಾಡಿ ಗಾಲಿ ಹಾಕಿ ತಿರುಗಿಸ್ದೆ. ಶೆಡ್ಡಿನ ಮೂಲ್ಯಾಗಿನ ಒಲಿಯಿಂದ ಒಂದು ಇದ್ದಲಿ ತುಂಡು ತಗೊಂಡು ರಿಂಗಿನ ಹತ್ರ ಹಿಡ್ದೆ. ಎಲ್ಲಿ ಉಬ್ಬದ ಅಲ್ಲಿ ಕರೀ ಗೆರಿ ಬೀಳ್ತದ. ಅಲ್ಲಿ ಒಂದು ಸುತ್ತು ಸಡಲ, ಎದುರಿಗಿ ಒಂದು ಸುತ್ತು ಬಿಗಿ. ಒಂದೊಂದು ಸ್ಪೋಕ್ ಮೀಟಿ ಕೇಳ್ದೆ. ಶೆಡ್ಡಿನ್ಯಾಗ ಆ ಸಪ್ಪಳ ಬಿಟ್ರ ಮತ್ತೊಂದು ಇಲ್ಲ. ಅಷ್ಟು ಶಾಂತ ಜಾಗಾದಾಗ ನಾನು ಜನ್ಮದಾಗ ಗಾಲಿ ಮೀಟಿರ್ಲಿಲ್ಲ. ಚಿದ್ರ್ಯಾಗ ಟಂಟಂ ಸಪ್ಪಳದಾಗ ಅರ್ಧ ಅಂದಾಜಲೇ ಮಾಡೂದು. ಇಲ್ಲಿ ಒಂದೊಂದು ದನಿ ಬ್ಯಾರೆ ಬ್ಯಾರೆ ಕೇಳಿಸ್ತು. ಕಡೀಕ ಎಲ್ಲಾ ಒಂದೇ ದನಿ ಆಯ್ತು.

ಗಾಲಿ ತಿರುಗಿಸ್ದೆ. ನೀರಿನಂಗ ತಿರುಗ್ತು. ಲೀನಾ ಚಪ್ಪಾಳಿ ಹೊಡದ್ಲು. "ನಾ ಹೇಳಿದ್ದಿಲ್ಲೇನು?" ಅಂತ ಈವಾ ಬಾಯಿ ತಮ್ಮಗ ಅಂದ್ರು. ಯುಕ್ಕಣ್ಣ ಬಂದು ನನ್ನ ಕೈ ಹಿಡದು ನಮ್ಮ ಮಾತಿನ್ಯಾಗೇ "ಉಸ್ತಾದ್" ಅಂದ. ಅಕ್ಕನ ಬಾಯಿಲೆ ಕೇಳಿ ಕಲ್ತಿದ್ದ.

ಆ ಮಾತು ಚೂರಿ ಹಾಕಿದಂಗ ಆಯ್ತು ನನಗ. ಸುಮ್ಮನಿದ್ರ ಯಾರಿಗೂ ತಿಳೀತಿರ್ಲಿಲ್ಲ. ಹೆಸರು ಉಳೀತಿತ್ತು. ಮಿಸ್ತ್ರಿಗಿ ಹೆಸರು ಬಿಟ್ರ ಬ್ಯಾರೆ ಆಸ್ತಿ ಏನದ? ಆದ್ರ ಆ ಮನಷಾ ತನಗ ವಯಸ್ಸಾಯ್ತು ಅಂತ ತಿಳಕೊಂಡು ತಲಿ ತಗ್ಗಿಸ್ಯಾನ. ಅವನ ಹೆಸರು ಕಳದು ನಾ ನನ್ನ ಹೆಸರು ಉಳಿಸ್ಕೊಳ್ಳಲೇನು?

"ಯುಕ್ಕಣ್ಣ, ನೀ ಬಿದ್ದಿಲ್ಲ. ನಾ ಬೀಳಿಸೀನಿ" ಅಂದೆ. ಬೆಳಿಗ್ಗಿ ಮಾಡಿದ್ದೆಲ್ಲಾ ಹರಕು ಮುರಕು ಇಂಗ್ಲೀಷಿನ್ಯಾಗ ಹೇಳ್ದೆ.

ಯುಕ್ಕಣ್ಣ ಚೀಲದಿಂದ ಹವಾ ಅಳಿಯೋ ಸಾಮಾನು ತೆಗೆದು ಟಾಯರಿಗಿ ಹಚ್ಚಿದ. ಮುಳ್ಳು ಓಡಿ ಕಡೀ ದಂಡಿಗಿ ಹೋಗಿ ನಿಂತ್ತು. ಅಂವ ಅವರ ಭಾಷಾದಾಗ ಒಂದು ಶಬ್ದ ಅಂದ.

"ಏನಂದ್ರು ಅವರು?" ಅಂತ ನಾ ಈವಾ ಬಾಯಿಗಿ ಕೇಳ್ದೆ.

"ನಾನು ಸಾಲಿ ಟೀಚರ್. ಅದನ್ನ ಹೇಳೂದಿಲ್ಲ" ಅಂದ್ರು.

ಲೀನಾಗ ನಗು ತಡೀಲಿಕ್ಕಿ ಆಗ್ಲಿಲ್ಲ. "ಅಂದ್ರ ನನ್ನ ಕಾಲಾಗ ಏನೂ ಬಂದಿದ್ದಿಲ್ಲ! ಬರೀ ಹವಾ!"

ಯುಕ್ಕಣ್ಣ ನಗ್ಲಿಲ್ಲ. ಬಗ್ಗಿ ಗಾಲಿಯಾಗಿನ ಹವಾ ಜರಾ ಹೊರಗ ಬಿಟ್ಟ, ನನ್ನ ಹೆಬ್ಬೆರಳು ಹಿಡದು ಟಾಯರ್ ಮ್ಯಾಲ ಇಟ್ಟ. "ಇಷ್ಟು. ಕಲ್ಲು ಬಂದ್ರ ಟಾಯರ್ ನುಂಗಬೇಕು." ಆಮ್ಯಾಲ ನನ್ನ ಸೈಕಲ್ ಒತ್ತಿ ನೋಡಿದ. "ನಿಂದೂ ಗಟ್ಟಿನೇ ಅದ?"

"ಹೌದ್ರಿ."

"ನೀ ಬೀಳ್ಲಿಲ್ಲ."

"ನಮ್ಮ ಕಡಿ ಹಿಂದ ಎರಡು ಹಾಲಿನ ಕ್ಯಾನು ಇರ್ತಾವ. ಬಿದ್ರ ಊರ ಮಂದಿಗಿ ಚಹಾ ಇಲ್ಲ."

"ಹ್ಮ್" ಅಂದ. ಈವಾ ಬಾಯಿ ನನ್ನ ಕಿವ್ಯಾಗ, "ಅಂವ ಹಂಗಂದ್ರ ಭಾಷಣ ಮಾಡಿದಂಗೇ" ಅಂದ್ರು. ನನಗ ಸಮಾಧಾನ ಆಗ್ಲಿಲ್ಲ. ಕ್ಷಮಾ ಮಾಡಿದನೋ, ಇನ್ನ ಮ್ಯಾಲ ನನ್ನ ಕೈಯಾಗಿನ ಕೆಲಸ ನಂಬತಾನೋ ಇಲ್ಲೋ, ತಿಳೀಲಿಲ್ಲ.

ಅಷ್ಟೊತ್ತಿಗಿ ಮುದುಕಪ್ಪ ಕಾಣಲಿಲ್ಲ. ನೋಡಿದ್ರ ಶೆಡ್ಡಿನ ಒಳಗಿಂದ ತನ್ನ ಹೇಣ್ತಿ ಸೈಕಲ್ ನೂಕ್ಕೋತ ಬಂದ. ಮುಂದಿನ ಗಾಲಿ ಬೆಂಡ್. ನನ್ನ ಮುಂದ ನಿಲ್ಲಿಸಿ, ಗಾಲಿಗಿ ಬೆರಳು ಮಾಡಿದ. ಊರು ಯಾವುದಾದ್ರೇನ್ರಿ, ಮಿಸ್ತ್ರಿ ಕೈಗಿ ಸಿಕ್ಕರ ಬಿಡೂದಿಲ್ಲ. ಅದೂ ತೆಗೆದು ಕೊಟ್ಟೆ. ಮುದುಕವ್ವ ಗುಂಡನ ರೊಟ್ಟಿ ತಂದ್ಲು, ನಡುವ ತೂತು, ನಮ್ಮ ಕಟಕ ರೊಟ್ಟಿ ಹಂಗೇ ಗಟ್ಟಿ. ಹಿಂದಕ್ಕ ಅದನ್ನ ಕೋಲಿಗಿ ಪೋಣಿಸಿ ಚಾವಣಿಗಿ ನೇತು ಹಾಕಿ ತಿಂಗಳಗಟ್ಲೆ ಇಡ್ತಿದ್ರಂತ. ನನ್ನ ಚೀಲದಾಗಿನ ಶೇಂಗಾ ಹಿಂಡಿ, ಅದೇ ಖಾರಾ ಚಟ್ನಿಪುಡಿ, ಹಚ್ಚಿ ಕೊಟ್ಟೆ. ಮುದುಕಪ್ಪ ತಿಂದು, ಕಣ್ಣಾಗ ನೀರು ತಂದ್ಕೊಂಡು, ಮತ್ತ ಕೈ ಚಾಚಿದ.

ಪ್ಯಾಟಿ, ಮತ್ತ ಕಡೀ ದಿನ

ಮರುದಿನ ದಾರ್ಯಾಗ ಒಂದು ಸಣ್ಣ ಪ್ಯಾಟಿ ಇತ್ತು, ಅಲ್ಲಿ ದೊಡ್ಡ ಸೈಕಲ್ ಅಂಗಡಿ. "ಹೊಸ ಗಾಲಿ ಹಾಕಿಸ್ತೀನಿ" ಅಂತ ಯುಕ್ಕಣ್ಣ ಮುಂಜಾನೇನೇ ಹೇಳಿದ್ದ. ತಪ್ಪಲ್ಲ. ಬಗ್ಗಿಸಿದ ಕೊಕ್ಕಿ ಮ್ಯಾಲ ಯಾರು ನಂಬಿ ಕುಂದರ್ತಾರ? ಆದ್ರ ಅಂವ ಗಾಲಿ ಬಿಚ್ಚಿಕೊಂಡು ಒಳಗ ಹೋದಾಗ, ಹತ್ತನೇತ್ತ ರಿಸಲ್ಟ್ ಹಚ್ಚಿದ ದಿನ ನಿಂತಂಗ ಹೊರಗ ನಿಂತೆ. ಒಳಗ ಹೋಗು ಧೈರ್ಯ ಆಗ್ಲಿಲ್ಲ. ಗಾಜಿನ ಆಚಿ ಅಂಗಡಿ ಮಿಸ್ತ್ರಿ ಗಾಲಿ ತಮ್ಮ ಯಂತ್ರಕ್ಕ ಹಾಕಿ ತಿರುಗಿಸ್ಲತ್ತಿದ್ದ. ಬಗ್ಗಿ ಕೊಕ್ಕಿ ನೋಡಿದ. ಮತ್ತೊಬ್ಬನ್ನ ಕರದ. ಇಬ್ರೂ ಬಗ್ಗಿ ನೋಡಿದ್ರು.

ಯುಕ್ಕಣ್ಣ ಹೊರಗ ಬಂದ. ಕೈಯಾಗ ಅದೇ ಗಾಲಿ.

"ಹೊಸದು ಇರ್ಲಿಲ್ಲೇನು?" ಅಂತ ಲೀನಾ ಕೇಳಿದ್ಲು.

"ಇತ್ತು" ಅಂದ. ಬಗ್ಗಿ ಗಾಲಿ ಹಾಕಿದ. ನನ್ನ ಕಡಿ ನೋಡಿ, "ನಡಿ" ಅಂದ.

ಅಲ್ಲಿಂದ ಮನಿ ಮುಟ್ಟೂತನಕ ನಾನು ಅವನ ಹಿಂದೇ ಹೊಡದೆ. ಆ ದಾರಿ ಬಾಜೂಕಿನ ಕೆರಿ ಹ್ಯಾಂಗಿದ್ವು ಅಂತ ನನ್ನ ಕೇಳಬ್ಯಾಡ್ರಿ. ಈವಾ ಬಾಯಿ "ಕಾಶಿ, ಅಲ್ಲಿ ನೋಡು, ಸಾರಂಗ!" ಅಂತ ಕೂಗಿದ್ರು. ನಮ್ಮ ಚಿಗರಿಗಿಂತ ನಾಕು ಪಟ್ಟು ದೊಡ್ಡದಿತ್ತಂತ. ನಾ ನೋಡ್ಲಿಲ್ಲ. ನನ್ನ ಕಣ್ಣು ಆ ಗಾಲಿ ಮ್ಯಾಲೇ ಇತ್ತು. ತೆಗ್ಗು ಬಂತು, ಬೇರು ಬಂತು, ಮಳಿನೀರಿಗಿ ಕೊಚ್ಚಿದ ಮುರುಮ ಬಂತು. ರಿಂಗ್ ಎಳ್ಳಿನಷ್ಟೂ ಅಲುಗಾಡ್ಲಿಲ್ಲ.

ಕಡೀ ದಿನ ಮಧ್ಯಾಹ್ನ ಕಡೀ ದಿಬ್ಬ. ತುದಿಗಿ ನಿಂತ್ರ ಕೆಳಗ ಈವಾ ಬಾಯಿ ಕೆಂಪು ಮನಿ, ಅದರ ಮುಂದ ಕೆರಿ, ಮತ್ತ ಅಲ್ಲೀತನಕ ಹಾವಿನಂಗ ಇಳಿಯೋ ಮುರುಮಿನ ರಸ್ತಾ. ಹೆಣ್ಮಕ್ಕಳು ಬ್ರೇಕ್ ಹಿಡ್ಕೊಂಡು ಮೆಲ್ಲಕ ಇಳಿದ್ರು. ಯುಕ್ಕಣ್ಣ ಒಂದು ಸಲ ತಿರುಗಿ ನಾ ಬಂದೀನೋ ಇಲ್ಲೋ ನೋಡಿದ. ಪೆಡಲ್ ಮ್ಯಾಲ ಎದ್ದು ನಿಂತು ಸೈಕಲ್ ಬಿಟ್ಟ. ಹಿಂದಿಂದ ನಾ ನೋಡ್ದೆ: ಅಷ್ಟು ಎತ್ತರದ ಮನಷಾ, ಅಷ್ಟು ವೇಗ, ತಿರುವು ಮುಂದ ಬರ್ಲತ್ತದ, ಅವನ ಒಂದು ಬೆರಳೂ ಬ್ರೇಕಿನ ಮ್ಯಾಲ ಇರ್ಲಿಲ್ಲ.